ಕ್ರಾಂತಿಕಾಲದ ಕಾಗದದ ಹಣ



ಹಳೆಯ ನಾಣ್ಯಗಳನ್ನು ಸಂಗ್ರಹಿಸುವವರನ್ನು ನಾವೆಲ್ಲರೂ ಬಲ್ಲೆವು. ರಾಜ್ಯವು ಅಳಿದರೂ ನಾಣ್ಯದ ಚಿನ್ನಬೆಳ್ಳಿಗೆ ಬೆಲೆಯುಂಟು. ಕಾಗದದ ಹಣಕ್ಕಾದರೋ ಕೊಟ್ಟ ಮಾತೊಂದೇ ಬೆಲೆ. ಆ ಮಾತು ತಪ್ಪಿದ ಕಾಗದಗಳನ್ನು ಆದರದಿಂದ ಕೂಡಿಡುವವರೂ ಉಂಟು. ಅದರ ಸ್ವಾರಸ್ಯವೇನೆಂಬುದನ್ನು ಅಮೆರಿಕದ ಸ್ವಾತಂತ್ರ್ಯಯುದ್ಧದ ಪತ್ರಗಳಿಂದ ತಿಳಿಯೋಣ.

1775ರಲ್ಲಿ ಯುದ್ಧವು ಮೊದಲಾದಾಗ ಅಲ್ಲಿಯ ಕಾಂಗ್ರೆಸ್ ಸಭೆಗೆ ತೆರಿಗೆ ಹಾಕುವ ಅಧಿಕಾರವಿರಲಿಲ್ಲ. ಆದಕಾರಣ ಸೈನ್ಯದ ವೆಚ್ಚಕ್ಕೆಂದು ಅದು ನೋಟುಗಳನ್ನು ಅಚ್ಚುಹಾಕಿಸಿತು. ಫಿಲಡೆಲ್ಫಿಯದ ಹಾಲ್ ಮತ್ತು ಸೆಲ್ಲರ್ಸ್ ಎಂಬವರು ಅದರ ಮುದ್ರಕರು. ಕಾಗದದೊಳಗೆ ನೀಲಿಯ ಎಳೆಗಳು, ಅಭ್ರಕದ ಚೂರುಗಳು. ಹಿಂಬದಿಯಲ್ಲಿ ನಿಜವಾದ ಎಲೆಯ ಒಂದೊಂದು ನರವೂ ಕಾಣುವ ಅಚ್ಚು. ಮುಂಬದಿಯಲ್ಲಿ ಕೈಬರಹದ ಸಂಖ್ಯೆ ಮತ್ತು ರುಜು. ಎಲೆಯ ಅಚ್ಚು ಬೆಂಜಮಿನ್ ಫ್ರಾಂಕ್ಲಿನನು ಹಿಂದೆಯೇ ಕಂಡುಕೊಂಡಿದ್ದ ಉಪಾಯ. ಇಷ್ಟಾದರೂ ಬ್ರಿಟಿಷರ ವಶದಲ್ಲಿದ್ದ ನ್ಯೂಯಾರ್ಕಿನಿಂದ ಖೋಟಾ ನೋಟುಗಳು ಹರಡಿದುವು.

ಆದರೆ ಖೋಟಾ ನೋಟಿಗಿಂತಲೂ ಹೆಚ್ಚಿನ ಹಾನಿಯನ್ನು ಮಾಡಿದುದು ಸಾಚಾ ನೋಟಿನ ವಿಪರೀತ ಸಂಖ್ಯೆಯೇ. 1779ರ ವೇಳೆಗೆ ಸುಮಾರು 24 ಕೋಟಿ ಡಾಲರುಗಳಷ್ಟು ನೋಟು ಹೊರಬಿದ್ದಿತ್ತು. 1780ರ ಮಾರ್ಚಿಯಲ್ಲಿ ಕಾಂಗ್ರೆಸ್ಸೇ 40 ಕಾಗದದ ಡಾಲರಿಗೆ 1 ಬೆಳ್ಳಿಯ ಡಾಲರೆಂದು ಗೊತ್ತುಮಾಡಿತು. 1790ರ ಕಾನೂನಿನಲ್ಲಿ ಆ ದರವು 100ಕ್ಕೆ 1 ಆಯಿತು.

ಸಂಬಳವಾಗಿ ಇದನ್ನೇ ಪಡೆದ ಸಿಪಾಯಿಗಳ ಗತಿಯೇನು? ಮ್ಯಾಸಚೂಸೆಟ್ಸ್ ಸಂಸ್ಥಾನವು 1780ರಲ್ಲಿ ತನ್ನ ಯೋಧರಿಗೆ ಹೊಸಬಗೆಯ ಪತ್ರವನ್ನು ಕೊಟ್ಟಿತು. 5 ಬುಷೆಲ್ ಮುಸುಕಿನ ಜೋಳ, ಸುಮಾರು 68½ ಪೌಂಡು ದನದ ಮಾಂಸ, 10 ಪೌಂಡು ಉಣ್ಣೆ, 16 ಪೌಂಡು ಅಟ್ಟೆಯ ತೊಗಲು, ಇವುಗಳ ಬೆಲೆ ಏರಿದಂತೆ ಸಲ್ಲತಕ್ಕ ಹಣವೂ ಏರಬೇಕೆಂಬುದು ಅದರ ಕರಾರು. ಇತರ ಅನೇಕ ಸಿಪಾಯಿಗಳಾದರೋ ತಮ್ಮ ಸಂಬಳದ ಪತ್ರಗಳನ್ನು ಕಷ್ಟಕಾಲದಲ್ಲಿ ಲೇವಾದೇವಿಗಾರರಿಗೆ ಅತ್ಯಲ್ಪ ಬೆಲೆಗೆ ಮಾರಿಕೊಂಡರು. ಮೂಲ ಒಡೆಯರಿಗೂ ಒಂದು ಪಾಲು ಸಲ್ಲಲೆಂದು 1790ರಲ್ಲಿ ಮ್ಯಾಡಿಸನ್ನನು ವಾದಿಸಿದನು, ಸಭೆಯು ಒಪ್ಪಲಿಲ್ಲ.

ಹಣವನ್ನು ಸಲ್ಲಿಸಿದ ಪತ್ರಕ್ಕೆ ತೂತು ಕೊರೆದೋ ಅಂಚನ್ನು ಕತ್ತರಿಸಿಯೋ ರದ್ದುಮಾಡುವುದು ವಾಡಿಕೆಯಾಗಿತ್ತು. ಸಂಗ್ರಾಹಕರು ಇಂಥದಕ್ಕಿಂತ ಗಾಯವಿಲ್ಲದ ಪತ್ರಕ್ಕೇ ಹೆಚ್ಚು ಬೆಲೆ ಕೊಡುತ್ತಾರೆ. ವಿಚಾರಮಾಡಿದರೆ, ತೂತು ಬಿದ್ದ ಪತ್ರವು ತೀರಿದ ಸಾಲದ ಗುರುತು. ಅಂದವಾಗಿ ಉಳಿದದ್ದು ಬಹುಮಟ್ಟಿಗೆ ಯಾರೋ ಒಬ್ಬರ ಕೈಯಲ್ಲಿ ತೀರದೆ ನಿಂತ ಸಾಲ. ಸಂಗ್ರಾಹಕನು ಕಾಗದದ ಅಂದದೊಡನೆ ಈ ಲೆಕ್ಕವನ್ನೂ ಓದಬಲ್ಲವನಾದರೆ ಅವನ ಪೆಟ್ಟಿಗೆಯೇ ಒಂದು ಚರಿತ್ರೆಯ ಗ್ರಂಥವಾಗುವುದು.