ಕನ್ನಡ ಅಕ್ಷರಕ್ಕೆ ಕೆಳಮನೆಯೂ ಉಂಟು



ಅಂಧೇರಿಯ ನಮ್ಮ ಮಕ್ಕಳಲ್ಲಿ ಬಹುಮಂದಿಗೆ ಕನ್ನಡ ಅಕ್ಷರದ ದರ್ಶನವಾಗುವುದು ಮದುವೆಯ ಕರೆಯೋಲೆಯಲ್ಲಿ, ನಾಟಕದ ಹಸ್ತಪತ್ರಿಕೆಯಲ್ಲಿ, ಇಲ್ಲವೆ ರಾಜ್ಯೋತ್ಸವದ ಬ್ಯಾನರಿನಲ್ಲಿ. ಇವುಗಳನ್ನು ಕಂಪ್ಯೂಟರಿನಲ್ಲಿ ರೂಪಿಸುವ ಹೊಸ ವಿನ್ಯಾಸಕಾರರ ತಪ್ಪು ಬರಿಯ ಕಾಗದದ ತಪ್ಪಾಗಿ ಉಳಿಯುವುದಿಲ್ಲ. ಮಗುವಿಗೆ ಅದೇ ಪಾಠವಾಗುತ್ತದೆ. ಬ್ಯಾಂಕಿನ ಗುಮಾಸ್ತನಿಗೆ ಈ ಮಾತೇಕೆ ಎನ್ನಬೇಡಿ. ಲೆಡ್ಜರಿನ ಅಂಕಿಯನ್ನು ಮರುದಿನ ತಿದ್ದಬಹುದು, ಅಚ್ಚಾಗಿ ಗೋಡೆಗೇರಿದ ಅಕ್ಷರವನ್ನು ತಿದ್ದುವವರಾರು?

ಆರಂಭದ ತಪ್ಪುಗಳಲ್ಲಿ ಹೆಚ್ಚಿನವಕ್ಕೆ ಬೇರು ಒಂದೇ: ಇಂಗ್ಲಿಷಿನ ಅಳತೆಗೋಲಿನಿಂದ ಕನ್ನಡವನ್ನು ಅಳೆಯುವುದು.

ನಮ್ಮ ಅಕ್ಷರಕ್ಕೆ ಕೆಳಗೊಂದು ಮನೆಯುಂಟು. ಒತ್ತಕ್ಷರದ ವಾಸ ಅಲ್ಲಿ. 'ರಾಷ್ಟ್ರ' ಎಂಬಲ್ಲಿ ಷಕಾರಕ್ಕೆ ಎರಡು ಒತ್ತುಗಳಿವೆ. ಇಂಗ್ಲಿಷಿಗೆ ಸಾಕಾಗುವಷ್ಟೇ ಅಂತರವನ್ನು ಸಾಲುಗಳ ನಡುವೆ ಬಿಟ್ಟರೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕುಳಿತುಬಿಡುತ್ತದೆ.

ಎರಡನೆಯದು ದಪ್ಪಕ್ಷರದ ಮೋಹ. ತೆಳುವಾದ ಅಕ್ಷರವನ್ನು ಬಲವಂತವಾಗಿ ದಪ್ಪಗೊಳಿಸಿದರೆ ಮಹಾಪ್ರಾಣದ ಸೀಳು ಮುಚ್ಚಿಹೋಗಿ 'ಧನ'ವು 'ದನ'ವಾದೀತು. ಬ್ಯಾಂಕಿನಲ್ಲಿ ನಾವು ಮೊದಲನೆಯದನ್ನು ಮಾತ್ರ ಠೇವಣಿ ಇಟ್ಟುಕೊಳ್ಳುತ್ತೇವೆ!

ಮೂರನೆಯದು ತಂತ್ರಾಂಶಕ್ಕೆ ಸೇರಿದ್ದು. ಯೂನಿಕೋಡಿನಲ್ಲಿ ಒತ್ತಕ್ಷರಕ್ಕೆಂದು ಬೇರೆ ಸಂಕೇತವಿಲ್ಲ. ವ್ಯಂಜನ, ಹಲಂತ, ಮತ್ತೆ ವ್ಯಂಜನ, ಇವುಗಳನ್ನು ಕೂಡಿಸಿ ರೂಪ ಕೊಡುವುದು ಫಾಂಟು ಹಾಗೂ ತಂತ್ರಾಂಶದ ಕೆಲಸ. ಭಾರತೀಯ ಲಿಪಿಗೆ ಅಣಿಮಾಡದ ತಂತ್ರಾಂಶದಲ್ಲಿ 'ರಾಜ್ಯೋತ್ಸವ'ವು ಒಡೆದು 'ರಾಜ್‌ಯೋತ್‌ಸವ'ವಾಗುತ್ತದೆ. ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಬರೆದದ್ದೋ, ಆ ಫಾಂಟಿಲ್ಲದ ಅಚ್ಚುಕೂಟದಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ.

ಪ್ರತಿ ಲಿಪಿಗೂ ಅದರದೇ ಅಳತೆಯುಂಟೆಂದು ತಿಳಿದು ದುಡಿದವರು ನಮ್ಮ ನೆರೆಯಲ್ಲೇ ಇದ್ದರು. ಪೊವಾಯಿಯ ಐ.ಐ.ಟಿ.ಯಲ್ಲಿ ಅಧ್ಯಾಪಕರಾಗಿದ್ದ, ಮರಾಠಿ ಕವಿಯೂ ಆಗಿದ್ದ ಆರ್. ಕೆ. ಜೋಶಿಯವರು ಮುಂದೆ ಜುಹೂವಿನ ರಾಷ್ಟ್ರೀಯ ತಂತ್ರಾಂಶ ಕೇಂದ್ರದಲ್ಲಿ ಸಂಗಡಿಗರೊಡನೆ ದೇವನಾಗರಿಗೆ 'ಮಂಗಲ್', ಕನ್ನಡಕ್ಕೆ 'ತುಂಗಾ' ಫಾಂಟುಗಳನ್ನು ರೂಪಿಸಿದರು. 2001ರಲ್ಲಿ ಹೊರಬಂದ ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಲೋಕದ ತುಂಬ ಹರಡಿತು. 2008ರಲ್ಲಿ ಅವರು ತೀರಿಕೊಂಡರು. ಕನ್ನಡ ಮನೆಮಾತಲ್ಲದವರು ನಮ್ಮ ಲಿಪಿಗೆ ಇಷ್ಟು ಶ್ರದ್ಧೆ ತೋರಿದ ಮೇಲೆ ನಮ್ಮ ಹೊಣೆ ಎಷ್ಟು ಹೆಚ್ಚಿನದು!

ತರುಣ ಮಿತ್ರರೆ, ಪರದೆಯ ಮೇಲೆ ಕಂಡದ್ದನ್ನೇ ನಂಬಬೇಡಿ. ಅಚ್ಚಿಗೆ ಕೊಡುವ ಮುನ್ನ ನಿಜವಾದ ಅಳತೆಯಲ್ಲಿ ಒಂದು ಪ್ರತಿ ತೆಗೆಸಿ ಗೋಡೆಗೆ ಅಂಟಿಸಿರಿ. ಒಬ್ಬ ಹಿರಿಯರಿಂದಲೂ ಆಗತಾನೆ ಅಕ್ಷರ ಕಲಿತ ಒಂದು ಮಗುವಿನಿಂದಲೂ ಗಟ್ಟಿಯಾಗಿ ಓದಿಸಿರಿ. ಮಗು ತಡವರಿಸಿದ ಕಡೆ ಅಕ್ಷರವನ್ನು ತಿದ್ದಿರಿ, ಮಗುವನ್ನಲ್ಲ. ಹಿರಿಯರೂ ಹಳಿಯದೆ, ಕೂಡಿ ಕುಳಿತು ಕರಡು ನೋಡಿಕೊಟ್ಟರೆ ಮುಂದಿನ ನವೆಂಬರಿನ ಬ್ಯಾನರು ಹಸನಾದೀತು.