ಒಂದು ಸೀರೆಯ ಭೂಪಟ



ಗದ್ವಾಲ ಸೀರೆಯ ಒಡಲು ಹತ್ತಿ. ಅಂಚು, ಸೆರಗು ರೇಷ್ಮೆ. ಅದರ ಸೊಗಸನ್ನು ಕವಿ ವರ್ಣಿಸಲಿ. ಇಂಥ ಸಾಂಸ್ಕೃತಿಕ ಉದ್ಯಮವನ್ನು ಅಭ್ಯಸಿಸುವ ಭೂಗೋಳಜ್ಞರು ಬೇರೆಯದನ್ನೇ ಕೇಳುತ್ತಾರೆ: ನೂಲು ಎಲ್ಲಿಂದ ಬಂದಿತು? ಬಣ್ಣ ಹಾಕಿದವರು ಯಾರು? ಲಾಭ ಯಾವ ಊರಿನಲ್ಲಿ ಉಳಿಯಿತು? ಒಂದೇ ಕಸುಬಿನವರು ಒಂದೆಡೆ ನೆಲೆಸಿದರೆ ಮಕ್ಕಳು ಅದನ್ನು ತಮಗರಿವಿಲ್ಲದೆಯೇ ಕಲಿಯುತ್ತಾರೆಂಬುದನ್ನು ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲಿಯೇ ಗುರುತಿಸಿದ್ದರು.

ಗದ್ವಾಲ, ನಾರಾಯಣಪೇಟೆ ಸೀರೆಗಳೆರಡಕ್ಕೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಅದು ಹೆಸರನ್ನು ಕಾಯುತ್ತದೆ. ನೇಕಾರನ ಮಗಳು ಮಗ್ಗದಲ್ಲಿ ಕೂರುವಳೇ ಎಂಬುದು ಕೂಲಿಗೆ ಸೇರಿದ ಮಾತು.

ಕೊತ್ತಪಲ್ಲಿಯ ಮಕ್ಕಳು ನಾರಾಯಣಪೇಟೆಯ ಒಂದು ಸೀರೆಯನ್ನು ಹಿಡಿದು ಈ ಪ್ರಶ್ನೆಗಳ ಉತ್ತರವನ್ನು ನಕ್ಷೆಯಲ್ಲಿ ಗುರುತಿಸಲಿ. ಮಗ್ಗದ ಭಾಗಗಳಿಗೆ ನೇಕಾರರ ಮನೆಯಲ್ಲಿರುವ ಹೆಸರುಗಳನ್ನೇ, ಕನ್ನಡವಿರಲಿ ತೆಲುಗಿರಲಿ, ಬರೆದುಕೊಳ್ಳಲಿ. ಪಠ್ಯಪುಸ್ತಕದ ಪದದಿಂದ ಅವನ್ನು ತಿದ್ದಬೇಡಿ.