ಶಾಲೆಯ ಲೆಕ್ಕ ಕೇಳುವವರು ನಾವೇ



ನಿಜಾಮನ ಆಳಿಕೆಯಲ್ಲಿ ಬಸವಕಲ್ಯಾಣ, ಹುಮನಾಬಾದಿನ ಕನ್ನಡ ಮಕ್ಕಳು ಮೇಲಿನ ತರಗತಿಗಳನ್ನು ಉರ್ದುವಿನಲ್ಲೇ ಓದಬೇಕಾಗಿತ್ತು. 1956ರಲ್ಲಿ ನಾವು ಮೈಸೂರು ರಾಜ್ಯ ಸೇರಿದೆವು. ಭಾಷೆ ಬಂತು, ಸಾಕಷ್ಟು ಮಾಸ್ತರರು ಬರಲಿಲ್ಲ. ಇಂದಿಗೂ ಎಷ್ಟೋ ಶಾಲೆಗಳು ಅತಿಥಿ ಶಿಕ್ಷಕರಿಂದಲೇ ನಡೆಯುತ್ತಿವೆ. ಗಿರಣಿಯ ಬದಲಿ ಕೂಲಿಗೂ ಇದಕ್ಕೂ ಏನು ಭೇದ? ನಾಳೆಯ ಅನ್ನದ ಖಾತ್ರಿಯಿಲ್ಲದವರು ಪಾಠವನ್ನು ಹೇಗೆ ಬೆಳೆಸಿಯಾರು?

ಮಾಸ್ತರರನ್ನು ಬೈದರಷ್ಟೇ ಶಾಲೆ ಸುಧಾರಿಸದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮಂಜೂರಾದ ಹುದ್ದೆಗಳಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ಖಾಲಿ ಇರಕೂಡದು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟರೆ ಶಾಲೆಗೆ ಸಂಬಂಧವಿಲ್ಲದ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಕೂಡದು. ಶಿಕ್ಷಕರೂ ಖಾಸಗಿ ಟ್ಯೂಶನ್ ಹೇಳಕೂಡದು. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆತಾಯಿ, ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಅಂದರೆ ಬದಲಾವಣೆಯ ಮುಂದಾಳು ಬೆಂಗಳೂರಿನಲ್ಲಿಲ್ಲ, ಇದೇ ಸಭೆಯಲ್ಲಿದ್ದಾನೆ.

ತೂಕದಲ್ಲಿ ಗುಲಗಂಜಿ ಕಡಿಮೆಯಾದರೆ ಜಗಳಕ್ಕೆ ನಿಲ್ಲುವ ನಾವು ಮಗಳ ಪಾಠದ ತೂಕ ನೋಡಿದ್ದೇವೆಯೆ? ಪಾಳಿ ಮುಗಿಸಿ, ಅಂಗಡಿ ಮುಚ್ಚಿ, ಮುಂದಿನ ಸಮಿತಿ ಸಭೆಗೆ ಹೋಗೋಣ. ಖಾಲಿ ಹುದ್ದೆಗಳ ಲೆಕ್ಕ ಕೇಳೋಣ. ಮಗುವಿನ ಕೈಗೆ ಪುಸ್ತಕ ಕೊಟ್ಟು ಓದಿಸಿ ನೋಡೋಣ. ಕಾಯಂ ಮಾಸ್ತರರಿಗಾಗಿ ಹೋರಾಡುವುದೂ ಕಲಿಸದವರನ್ನು ಪ್ರಶ್ನಿಸುವುದೂ ಒಂದೇ ಕೆಲಸ. 12ನೆಯ ಶತಮಾನದಲ್ಲಿ ದುಡಿಯುವ ಜನ ಕೂತು ಪ್ರಶ್ನೆ ಕೇಳಿದ ಕಲ್ಯಾಣ ಇದು. ನಾವು ಬಾಯಿ ಕಟ್ಟಿಕೊಂಡು ಕೂರುವುದು ಈ ನೆಲಕ್ಕೆ ಒಪ್ಪುವುದಿಲ್ಲ.